ನಡುಗಂಬವಿಲ್ಲದ ಕೋಣೆಯಲ್ಲಿ ತೊಟ್ಟಿಲು

ನನ್ನ ಮಗಳ ಮಗಳು ಹೊಸಪೇಟೆಯಲ್ಲಿ ಇಂಜಿನಿಯರ್. ಮೊನ್ನೆ ಕಂಪ್ಯೂಟರ್ ತೆರೆದು ನನಗೊಂದು ತಾರಸಿ ತೋರಿಸಿದಳು. ಹಪ್ಪಳದಂಥ ತೆಳ್ಳನೆ ಹಾಸು, ಅದರ ತುಂಬ ಚೌಕಗಳು. ಯಾವ ಚೌಕದ ಮೇಲೆ ಎಷ್ಟು ಭಾರ ಎಂದು ಇವಳು ಹೇಳಿದರೆ ಅಲ್ಲಿ ಬಾಣಗಳು ಬಂದು ನಿಲ್ಲುತ್ತವೆ; ಭಾರ ತಡೆಯದ ಕಡೆ ಹಾಸು ಕೆಂಪಾಗುತ್ತದೆ. ಮನೆ ತಡೆಯುತ್ತದೋ ಇಲ್ಲವೋ ಕಟ್ಟುವ ಮೊದಲೇ ತಿಳಿಯುತ್ತದಂತೆ! ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಹಿಗ್ಗಿಗೆ ಅವಳ ಕೆನ್ನೆ ಹಿಂಡಿದೆ. ಆದರೆ ಆ ಬಾಣಗಳನ್ನು ನೋಡುತ್ತಲೇ ಅವಳ ತೊಟ್ಟಿಲ ದಿನ ನೆನಪಾಯಿತು.

ಎಂಬತ್ತರ ದಶಕದ ಮಾತು. ಕೊಟ್ಟೂರಿನಲ್ಲಿ ನಮ್ಮದು ಹಳೇ ಮಣ್ಣಿನ ಮಾಳಿಗೆ. ನಡುವೆ ದಪ್ಪ ಕಂಬ, ಅದರ ಮೇಲೆ ತೊಲೆ. ಮಾಳಿಗೆ ಮೇಲೆ ಏನೇ ಭಾರ ಒಟ್ಟಿದರೂ ಆ ಕಂಬದ ನೇರಕ್ಕೇ ಒಟ್ಟುವುದು ನಮ್ಮವರ ರೂಢಿ. ಬಾಣಂತಿ ಮಗಳಿಗೆಂದು ಅದರ ಪಕ್ಕದಲ್ಲಿ ಹೊಸದಾಗಿ ಸಿಮೆಂಟ್ ತಾರಸಿಯ ಕೋಣೆ ಕಟ್ಟಿಸಿದ್ದೆವು. ಕಂಬವಿಲ್ಲ, ತೊಲೆಯಿಲ್ಲ, ಬಯಲಿನಂಥ ಕೋಣೆ. ತಾರಸಿಯ ನಟ್ಟನಡುವಿನ ಕೊಂಡಿಗೆ ತೊಟ್ಟಿಲು ಕಟ್ಟಿದೆವು.

ಹೆಸರಿಡುವ ದಿನ ಹೊರಗೆ ಮೋಡ ಕವಿಯಿತು. ತಾರಸಿ ಮೇಲೆ ಶೇಂಗಾ ಒಣಹಾಕಿತ್ತು. ಗಂಡಸರು ಗಡಿಬಿಡಿಯಲ್ಲಿ ಮೇಲೆ ಹತ್ತಿ ಚೀಲಕ್ಕೆ ತುಂಬತೊಡಗಿದರು. ಕೆಳಗೆ ನಾವು ಹೆಂಗಸರು ತೊಟ್ಟಿಲ ಎರಡೂ ಬದಿ ಕೂತು, ಪದ್ಧತಿಯಂತೆ ಕೂಸನ್ನು ತೊಟ್ಟಿಲ ಕೆಳಗಿಂದ ದಾಟಿಸುವುದು, ಮೇಲಿಂದ ಪಡೆಯುವುದು ಮಾಡುತ್ತಿದ್ದೆವು.

ಮೇಲೆ ಧಪ್ ಎಂದು ಚೀಲ ಬಿತ್ತು. ಮತ್ತೊಂದು. ಮಗದೊಂದು. ಕೂಸಿನ ಕುಲಾಯಿ ಮೇಲೆ ಬಿಳಿ ಪುಡಿ ಉದುರಿತು. ತಲೆ ಎತ್ತಿದೆ. ಕೊಂಡಿಯ ಸುತ್ತ ಗಿಲಾವು ಬಿರಿದಿತ್ತು. ನೋಡುತ್ತಿದ್ದಂತೆಯೇ ಬಿರುಕು ಗೋಡೆಯತ್ತ ಓಡಿತು.

ಕಿರುಚಬೇಕೆಂದರೆ ಬಾಗಿಲು ಒಂದೇ, ಅದೂ ಇಕ್ಕಟ್ಟು. ಕೋಣೆ ತುಂಬ ಮುದುಕಿಯರು. ಒಬ್ಬರ ಮೇಲೊಬ್ಬರು ಬಿದ್ದರೆ ಕೂಸಿನ ಗತಿ? ಕೂಸು ನನ್ನ ಕೈಗೆ ಬಂತು. ತೊಟ್ಟಿಲ ಮೇಲಿಂದ ಕೊಡಲಿಲ್ಲ. ಬಾಗಿಲ ಕಡೆ ಕೂತವಳ ಕೈಗಿಟ್ಟೆ.

"ಈ ಸಲ ಹಿಂಗ, ಅಂಗಳದ ತನಕ. ತಗೋಳವ್ವಾ, ಕೊಡವ್ವಾ. ಕೊಟ್ಟಾಕಿ ಎದ್ದು ಕೂಸಿನ ಹಿಂದ ನಡೀಬೇಕು."

ಹಿರೇಹಡಗಲಿಯಿಂದ ಬಂದಿದ್ದ ಬೀಗತಿ ಮೂಗೆಳೆದಳು. "ಇದ್ಯಾವ ಪದ್ಧತಿರೀ ಬೀಗತಿ? ನಿಮ್ಮ ಕಡಿ ಕೂಸಿಗೆ ಓಣಿ ತುಂಬ ಮೆರವಣಿಗಿ ಮಾಡ್ತೀರೇನು?"

"ಹೌದ್ರಿ, ಮೊಮ್ಮಗಳಂದ್ರ ಸುಮ್ನ ಆತೇನು? ಏಳ್ರಿ, ನೀವ ಮುಂದ ನಡೀರಿ."

ನಗು ಎದ್ದಿತು. ಕೂಸು ಕೈಯಿಂದ ಕೈಗೆ ಹೊಸ್ತಿಲು ದಾಟಿತು. ಬಾಣಂತಿಯ ರಟ್ಟೆ ಹಿಡಿದು ಎಲ್ಲರ ಹಿಂದೆ ನಾನು ಹೊರಬಿದ್ದೆ. ಆಮೇಲೆ ಏಣಿ ಹತ್ತಿ ಕೂಗಿದೆ:

"ಏನ್ರೀ, ನಿಂದರ್ರಿ! ಚೀಲ ಒಗಿಬ್ಯಾಡ್ರಿ, ತಾರಸಿ ಬಿರಿದೈತಿ!"

ಯಜಮಾನರು ಚೀಲ ಹೊತ್ತೇ ತಿರುಗಿದರು. "ನಿನಗೆಲ್ಲೋ ಭ್ರಾಂತಿ. ನಡುಗಂಬದ ಮ್ಯಾಲ ಒಟ್ಟೀವಲ್ಲ, ಏನಾಗ್ತೈತಿ?"

"ಈ ಕೋಣ್ಯಾಗ ಕಂಬ ಎಲ್ಲೈತ್ರೀ?"

ಚೀಲ ಇಳಿಸಲೂ ಹೆದರಿ ಅಲ್ಲೇ ನಿಂತರು. ಆಮೇಲೆ ಒಬ್ಬೊಬ್ಬರೇ ಗೋಡೆಯ ನೇರಕ್ಕೆ ಹೆಜ್ಜೆ ಇಟ್ಟು, ಅಂಚಿನಿಂದ ಒಂದೊಂದೇ ಚೀಲ ಮೆಲ್ಲಗೆ ಎಳೆದು ಕೆಳಗಿಳಿಸಿದರು. ಮಳೆ ಶುರುವಾದರೂ ಯಾರೂ ಓಡಲಿಲ್ಲ. ಕೊನೆಯ ಚೀಲ ಇಳಿಯುವ ತನಕ ನಾನು ಯಾರನ್ನೂ ಕೋಣೆಯೊಳಗೆ ಬಿಡಲಿಲ್ಲ. ತಾರಸಿ ಉಳಿಯಿತು. ಅವಳಿಗೆ ಹೆಸರಿಟ್ಟದ್ದು ಹಳೇ ಮಾಳಿಗೆಯಲ್ಲಿ, ಆ ಕಂಬದ ಪಕ್ಕದಲ್ಲೇ.

ಮೊನ್ನೆ ಆ ಕೂಸಾಗಿದ್ದ ಮೊಮ್ಮಗಳೇ ತೆರೆಯ ಮೇಲಿನ ಬಾಣಗಳನ್ನೆಲ್ಲ ನಡುವಿನ ಚೌಕಗಳಿಗೆ ಸೇರಿಸಿದಳು. ಹಾಸಿನ ನಡು ಕೆಂಪಗೆ ಕುಸಿಯಿತು.

"ತಗಿಯವ್ವಾ, ಗ್ವಾಡಿ ಕಡಿಗೆ ಸರಸು!" ಎಂದು ಅವಳ ಕೈ ಹಿಡಿದೆ.

"ಇದು ಬರೇ ಚಿತ್ರ ಅಜ್ಜಿ. ಕೆಳಗ ಯಾರೂ ಇಲ್ಲ," ಎಂದು ನಕ್ಕಳು.

"ನಾಳೆ ಇರ್ತಾರಲ್ಲ!"

ನಗುವುದನ್ನು ಬಿಟ್ಟು ಬಾಣಗಳನ್ನು ಒಂದೊಂದಾಗಿ ಅಂಚಿಗೆ ಸರಿಸಿದಳು. ಕೆಂಪು ಇಳಿಯುವ ತನಕ ನಾನು ಕೈ ಬಿಡಲಿಲ್ಲ.