ಕೊಕ್ಕು ಮುರಿದ ಸಕ್ಕರೆ ಗಿಳಿ

ಸಂಕ್ರಾಂತಿಯ ಸಕ್ಕರೆ ಅಚ್ಚಿನ ಗಿಳಿಗಾಗಿ ಇವತ್ತು ಮೂಡಿಗೆರೆಯ ನಾಲ್ಕು ಅಂಗಡಿ ಸುತ್ತಿದೆ ಸ್ನೇಹಿತರೇ. ಅಮ್ಮ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಅಚ್ಚು ಹೊಯ್ಯುವವರಿಲ್ಲ. ಕೊನೆಯ ಅಂಗಡಿಯಲ್ಲೂ ಖಾಲಿ. ಆದರೆ ಅಂಗಡಿಯ ಅಕ್ಕ ತಮ್ಮ ಮನೆಗೆಂದು ತೆಗೆದಿಟ್ಟಿದ್ದ ಅಚ್ಚಿನ ಡಬ್ಬಿ ಕಣ್ಣಿಗೆ ಬಿತ್ತು. ಅದರಿಂದಲೇ ಒಂದು ಗಿಳಿ ಕೇಳಿದೆ.

"ಅದು ಎಳ್ಳು ಬೀರೋಕೆ ಮಾರಾಯ. ನಿಮ್ಮನೇಲಿ ಬೀರೋ ಹೆಣ್ಮಕ್ಕಳಿದ್ದಾರಾ?"

ಇದ್ದಾರೆ ಎಂದಿದ್ದರೆ ಮುಗಿಯುತ್ತಿತ್ತು. "ಯಾರೂ ಇಲ್ಲ ಅಕ್ಕ, ನಂಗೇ ತಿನ್ನೋಕೆ" ಎಂದೆ.

"ಮೀಸೆ ಬಂದಿದೆ, ನಾಚಿಕೆ ಆಗಲ್ವಾ?"

"ಆಗುತ್ತೆ. ಆದ್ರೂ ಒಂದು ಕೊಡಿ."

ಅಕ್ಕ ನಗುತ್ತಾ ಕೊಕ್ಕು ಮುರಿದ ಗಿಳಿಯೊಂದನ್ನು ಕೊಟ್ಟರು. "ಮುರಿದಿದ್ದು ಬೀರೋಕೆ ಬರಲ್ಲ, ತಗೋ."

ಬಸ್ ಸ್ಟ್ಯಾಂಡಿನಲ್ಲಿ ನಿಂತು ತಿಂದೆ. ಚಿಕ್ಕಂದಿನಲ್ಲಿ ಬೀರುವ ಮೊದಲೇ ಕದ್ದು ತಿಂದು ಅಮ್ಮನಿಂದ ಬೈಸಿಕೊಳ್ಳುತ್ತಿದ್ದೆ. ಇವತ್ತು ಇಡೀ ಗಿಳಿ ತಿಂದರೂ ಯಾರೂ ಬೈಯಲಿಲ್ಲ. ಬರೀ ಸಿಹಿಯಿತ್ತು, ಅಷ್ಟೆ.