ಮಡಚಿಟ್ಟ ಸಾಲುಗಳು

ನನ್ನ ಬದುಕೆಲ್ಲ ಒಂದೇ ಒಂದು ಫೈಲಿನಲ್ಲಿದೆ. ಬಣ್ಣವಿಲ್ಲ, ಚಿತ್ರವಿಲ್ಲ, ಬರೀ ಅಕ್ಷರ. ಒಂದು ಸಣ್ಣ ಗೆರೆ ಎಳೆದು ಕೆಲಸದ ಹೆಸರು ಬರೆಯುವುದು, ಅದರ ಕೆಳಗೆ ಸ್ವಲ್ಪ ಒಳಗೆ ಸರಿಸಿ ಮರಿಕೆಲಸಗಳು, ಅವುಗಳ ಕೆಳಗೆ ಇನ್ನಷ್ಟು ಒಳಗೆ ಅವುಗಳ ಮರಿಗಳು. ಒಂದು ಕೀ ಒತ್ತಿದರೆ ಮರಿಗಳೆಲ್ಲ ಮೇಲಿನ ಸಾಲಿನೊಳಗೆ ಮಡಚಿಕೊಂಡು ಕಾಣದಾಗುತ್ತವೆ. ಈ ಮರಾಠಿ ಊರಿನ ಐಟಿ ಪ್ರದೇಶ ಹಿಂಜವಾಡಿಯ ಟ್ರಾಫಿಕ್‌ನಲ್ಲಿ ಕಂಪನಿಯ ಕ್ಯಾಬ್ ನಿಂತಲ್ಲೇ ನಿಂತಾಗ ನಾನು ಲ್ಯಾಪ್‌ಟಾಪ್ ತೆರೆದು ಈ ಸಾಲುಗಳನ್ನು ಮೇಲೆ ಕೆಳಗೆ ಮಾಡುತ್ತ ಕೂರುತ್ತೇನೆ. ಇಳಿಯುವ ಹೊತ್ತಿಗೆ ಗುಡ್ಡ ಕಡಿದು ಬಂದವನ ಸಮಾಧಾನ. ಕೆಲಸ ಮಾತ್ರ ಒಂದೂ ಆಗಿರುವುದಿಲ್ಲ.

ಅಣ್ಣನ ಹೆಂಡತಿಯನ್ನು ನಾನು ವೈನಿ ಎನ್ನುತ್ತೇನೆ. ಅವರು ಇದೇ ಊರಿನ ಸದಾಶಿವ ಪೇಠದ ಹಳೆಯ ಕಟ್ಟಡದ ಮೇಲಿನ ಮಹಡಿಯಲ್ಲಿ ಶೇಂಗಾ ಚಟ್ನಿ ಕುಟ್ಟುತ್ತಾರೆ. ಮಿಕ್ಸರಿಗೆ ಹಾಕಿದರೆ ಅದು ಚಟ್ನಿಯಲ್ಲ, ಹಿಟ್ಟು ಅನ್ನುವುದು ಅವರ ವಾದ. ಕೆಳಗೆ ಕೋಚಿಂಗ್ ಕ್ಲಾಸ್ ಇದೆ. ಹುಡುಗರು ಊಟಕ್ಕೆ ಹೊರಬಿದ್ದ ಮೇಲೆಯೇ ಕುಟ್ಟಬೇಕು, ಅವರು ಬರುವಷ್ಟರಲ್ಲಿ ನಿಲ್ಲಿಸಬೇಕು. ಹೋದ ವರ್ಷ, ನಮ್ಮ ಕನ್ನಡದವರ ಮಂಡಳಿಯೊಂದು ದೀಪಾವಳಿಗೆ ಮಾರಾಟದ ಮೇಳ ಇಟ್ಟಿದೆ ಎಂದು ನಾನು ಹೇಳಿದಾಗ ವೈನಿ ಕುಟ್ಟುವುದನ್ನೇ ನಿಲ್ಲಿಸಿದರು.

"ಒಮ್ಮೆ ನಾನೂ ಅಂಗಡಿ ಹಾಕಿ ನೋಡಬೇಕ್ರಿ. ಮನಿ ಮಂದಿ ಹೊಗಳೋದು ಬ್ಯಾರೆ, ಗುರುತಿಲ್ಲದವರು ರೊಕ್ಕಾ ಕೊಟ್ಟು ಒಯ್ಯೋದು ಬ್ಯಾರೆ."

"ನೀವು ಚಟ್ನಿ ಕುಟ್ರಿ ವೈನಿ, ಉಳಿದದ್ದೆಲ್ಲಾ ನನಗ ಬಿಡ್ರಿ," ಎಂದೆ ನಾನು. ಎಂಥ ಧಿಮಾಕು!

ಮನೆಗೆ ಬಂದವನೇ ಫೈಲಿನಲ್ಲಿ 'ವೈನಿಯ ಮಳಿಗೆ' ಎಂದು ಬರೆದೆ. ಅದರ ಕೆಳಗೆ ಡಬ್ಬಿ, ಲೇಬಲ್, ಬೆಲೆ, ಫಲಕ, ಮೇಜಿಗೆ ಹಾಸುವ ಬಟ್ಟೆ. ಲೇಬಲ್ಲಿನ ಕೆಳಗೆ, ಕನ್ನಡ ಮೇಲಿರಬೇಕೋ ಮರಾಠಿ ಮೇಲಿರಬೇಕೋ ಎಂಬ ಜಿಜ್ಞಾಸೆ. ಬಟ್ಟೆಯ ಕೆಳಗೂ ಮರಿಸಾಲುಗಳಿದ್ದವು ಅಂದರೆ ನನ್ನ ಅವಸ್ಥೆ ತಿಳಿಯಬಹುದು. ಎಲ್ಲಕ್ಕೂ ಒಳಗೆ, 'ಜಾಗ' ಎಂಬ ಸಾಲಿನ ಹೊಟ್ಟೆಯಲ್ಲಿ 'ವಿಚಾರಣೆ', ಅದರ ಹೊಟ್ಟೆಯಲ್ಲಿ 'ಮಂಡಳಿಯವರಿಗೆ ಫೋನ್ ಮಾಡಿ ಹೆಸರು ಬರೆಸುವುದು', ಪಕ್ಕದಲ್ಲೇ ನಂಬರು. ಮಾಡಬೇಕಾಗಿದ್ದದ್ದು ಅದೊಂದೇ. ಪುಟ ಚೊಕ್ಕಟವಾಗಿ ಕಾಣಲಿ ಎಂದು ಅದನ್ನೇ ಮಡಚಿಟ್ಟೆ. ಆಮೇಲೆ ಪ್ರತಿ ಭಾನುವಾರ ಡಬ್ಬಿಯನ್ನು ಲೇಬಲ್ಲಿನ ಮೇಲೆ, ಲೇಬಲ್ಲನ್ನು ಡಬ್ಬಿಯ ಮೇಲೆ ಇಡುತ್ತ ಹೋದೆ. ವೈನಿ ಫೋನಿನಲ್ಲಿ ಕೇಳಿದಾಗಲೆಲ್ಲ "ನಡದದ್ರಿ" ಎನ್ನುತ್ತಿದ್ದೆ. ನಡೆದಿತ್ತು ಅಂತಲೇ ನಂಬಿದ್ದೆ ಕೂಡ.

ಕೊನೆಗೊಂದು ದಿನ ಆ ಸಾಲು ಬಿಚ್ಚಿ ಫೋನ್ ಮಾಡಿದೆ. ಆಚೆಯ ಹೆಣ್ಣುಮಗಳು ಬೇಸರದಿಂದಲೇ ಹೇಳಿದರು: "ನಿನ್ನೆ ತನಕ ಜಾಗಾ ಇತ್ತಲ್ರಿ. ಇವತ್ತ ಎಲ್ಲಾ ಮುಗಿಸಿಬಿಟ್ವಿ."

ಸ್ವಂತ ಅಕ್ಕನಾಗಿದ್ದರೆ ಹೇಳಿ ಬೈಸಿಕೊಂಡು ಹಗುರಾಗುತ್ತಿದ್ದೆ. ವೈನಿ ಬೈಯುವವರಲ್ಲ, ಅದೇ ತೊಂದರೆ. "ಮೊದಲೇ ಎಲ್ಲಾ ತುಂಬಿತ್ತಂತ್ರಿ ವೈನಿ," ಎಂದುಬಿಟ್ಟೆ. "ಇರಲಿ ಬಿಡ್ರಿ, ನೀವು ಭಾಳ ತ್ರಾಸು ತಗೊಂಡ್ರಿ," ಎಂದರು ಅವರು. ಮೇಳಕ್ಕೆಂದು ಕುಟ್ಟಿ ತುಂಬಿಟ್ಟಿದ್ದ ಚಟ್ನಿಯನ್ನೆಲ್ಲ ಆ ದೀಪಾವಳಿಗೆ ನೆರೆಮನೆಗಳಿಗೆ ಹಂಚಿದರು. ನನಗೂ ಒಂದು ದೊಡ್ಡ ಡಬ್ಬಿ ಕಟ್ಟಿಕೊಟ್ಟರು. ತಿನ್ನಲು ಮನಸ್ಸಾಗದೆ ಅದು ಫ್ರಿಜ್ಜಿನಲ್ಲೇ ಉಳಿಯಿತು.

ಆ ಸುಳ್ಳು ಹೇಳಿದ ಮೇಲೆ ನಾನು ಮಾಡಿದ್ದೇನು? ಫೈಲಿನಲ್ಲಿ 'ವೈನಿಗೆ ನಿಜ ಹೇಳುವುದು' ಎಂದು ಹೊಸ ಸಾಲು ಬರೆದೆ. ಅದರ ಕೆಳಗೆ: ಅಣ್ಣ ಮನೆಯಲ್ಲಿಲ್ಲದಾಗಲೋ ಇದ್ದಾಗಲೋ, ಫೋನಿನಲ್ಲೋ ಎದುರಿಗೋ, ಬರಿಗೈಲಿ ಹೋಗುವುದೋ ಹೇಗೆ. ಬರೆದು ಮಡಚಿದೆ. ನಾಚಿಕೆಗೇಡಿ ನಾನು, ಬೇರೇನು ಹೇಳಲಿ.

ದೀಪಾವಳಿ ಕಳೆದು ಕೆಲವು ವಾರಗಳ ಮೇಲೆ ಅವರ ಮನೆಗೆ ಹೋಗಿದ್ದೆ. ಪಕ್ಕದ ಮನೆಯ ಮರಾಠಿ ಅಜ್ಜಿ ಖಾಲಿ ಡಬ್ಬಿ ಹಿಂತಿರುಗಿಸಲು ಬಂದು, ಇಷ್ಟು ಚೆನ್ನಾಗಿ ಮಾಡ್ತೀಯ, ಮಾರಬಾರದೇನೆ ಎಂದು ಕೇಳಿದರು. ವೈನಿ ನನ್ನತ್ತ ಕೈ ತೋರಿಸಿ ಮರಾಠಿಯಲ್ಲೇ ಹೇಳಿದರು: ನಮ್ಮ ಮೈದುನ ನನಗಾಗಿ ಬಹಳ ಓಡಾಡಿದರು, ಜಾಗವೇ ಸಿಗಲಿಲ್ಲ ಪಾಪ. ಅಜ್ಜಿ ನನ್ನನ್ನು ಮೆಚ್ಚಿಗೆಯಿಂದ ನೋಡಿದರು. ಆ ನೋಟ ನನಗೆ ತಡೆಯಲಾಗಲಿಲ್ಲ.

ಅಜ್ಜಿ ಹೋದ ಮೇಲೆ ಬಾಗಿಲಲ್ಲೇ ನಿಂತು ಹೇಳಿದೆ. "ವೈನಿ, ಜಾಗಾ ಇತ್ತು. ನಾನೇ ಟೈಮಿಗೆ ಫೋನ್ ಮಾಡಲಿಲ್ಲ. ನಿಮಗ ಸುಳ್ಳು ಹೇಳಿದೆ."

ವೈನಿ ಆ ಖಾಲಿ ಡಬ್ಬಿಯ ಮುಚ್ಚಳ ತೆಗೆದರು, ಹಾಕಿದರು. ಆಮೇಲೆ ಕೇಳಿದರು: "ಆ ನಂಬರ್ ಅದ ಏನ್ರಿ ನಿಮ್ಮ ಹತ್ರ?"

ಮೊಬೈಲಿನಲ್ಲಿ ಫೈಲು ತೆರೆದು ಒಂದೊಂದೇ ಸಾಲು ಬಿಚ್ಚುತ್ತ ಹೋದೆ. ನಾನು ಹುಡುಕಿ ಮುಗಿಸುವ ತನಕ ಅವರು ತಮ್ಮ ಫೋನ್ ಹಿಡಿದುಕೊಂಡು ತಾಳ್ಮೆಯಿಂದ ನಿಂತಿದ್ದರು. ನಂಬರು ಓದಿದೆ. ಅವರು ಅಲ್ಲೇ ಒತ್ತಿ ಮಾತಾಡಿದರು. ಸಂಕ್ರಾಂತಿಗೆ ಇನ್ನೊಂದು ಮೇಳ ಇದೆಯಂತೆ. ಹೆಸರು ಹೇಳಿದರು, ಚಟ್ನಿ ಅಂದರು, ಹೂಂ ಹೂಂ ಅಂದರು, ಇಟ್ಟರು.

"ಹೆಸರು ಬರಕೊಂಡ್ರು ನೋಡ್ರಿ," ಎಂದು ನನ್ನ ಕಡೆ ತಿರುಗಿದರು. ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಅರ್ಥವಾಗದವರ ಹಾಗೆ ಕೇಳಿದರು: "ನಾ ಏನೋ ಭಾಳ ದೊಡ್ಡದು ಅಂತ ತಿಳಿದು ನಿಮ್ಮ ಮ್ಯಾಲೆ ಹಾಕಿದ್ದೆ. ಇಷ್ಟೇ ಇತ್ತೇನ್ರಿ ಕೆಲಸ?"

"ಹೌದ್ರಿ ವೈನಿ," ಎಂದೆ. "ಇಷ್ಟೇ ಇತ್ತು."