ಅಕ್ಕನಿಗಾಗಿ ಹಾಕಿಸಿದ ಶಾಕ್ ಅಬ್ಸಾರ್ಬರ್

"ಇನ್ನು ನಾನು ಬರುವುದಿಲ್ಲ. ನಿನ್ನ ಗಾಡಿಯಲ್ಲಿ ಸಾಯುವುದಕ್ಕಿಂತ ಇಲ್ಲೇ ಮಲಗಿ ಸಾಯ್ತೇನೆ" ಎಂದು ಅಕ್ಕ ಶುಕ್ರವಾರ ಸಂಜೆ ಹೇಳಿದಳು. ಅವಳ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ನೋವು ತಗ್ಗಲೆಂದು ಮಂಗಳೂರಿನಲ್ಲಿ ದಿನಾ ರೇಡಿಯೇಶನ್ ಕೊಡುತ್ತಿದ್ದರು. ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆ ಬಂದವರಿಗೆ ರಾಜ್ಯದ ಗಡಿ ದಾಟಿ ಮಂಗಳೂರಿಗೆ ಹೋಗುವುದೇ ಗತಿ. ಮುಳ್ಳೇರಿಯದಿಂದ ಕುಂಬಳೆಗೆ ಇಳಿದು, ಶಿರಿಯ ಸೇತುವೆ ದಾಟಿ, ಗಡಿಯ ತಲಪಾಡಿಯವರೆಗೂ ನನ್ನ ಹಳೆಯ ಕಾರು ಪ್ರತಿ ಹೊಂಡಕ್ಕೂ ಕಟಕ್ಕೆಂದು ಕುಕ್ಕುತ್ತಿತ್ತು. ಹಿಂದಿನ ಸೀಟಿನಲ್ಲಿ ಮಲಗಿದ ಅಕ್ಕ ಪ್ರತಿ ಸಲವೂ "ಅಮ್ಮಾ" ಎಂದು ನರಳುತ್ತಿದ್ದಳು.

ನನಗೆ ಸಿಟ್ಟು ಬಂದದ್ದು ಕಾರಿನ ಮೇಲೆ. ಕಾಯಿಲೆಯ ಮೇಲೆ ಸಿಟ್ಟು ಮಾಡಿ ಏನು ಸುಖ, ಅದಕ್ಕೇನು ಕಿವಿ ಇದೆಯೇ? ಕಾರನ್ನಾದರೆ ವರ್ಕ್‌ಶಾಪಿಗೆ ಎಳೆದುಕೊಂಡು ಹೋಗಬಹುದು.

"ಗಾಡಿ ಸರಿ ಮಾಡಿಸ್ತೇನೆ. ಸೋಮವಾರ ಒಂದು ಸಲ ಬಾ ಮಾರಾಯ್ತಿ. ಆಗಲೂ ನೋವಾದರೆ ಮತ್ತೆ ಕರೆಯುವುದಿಲ್ಲ" ಎಂದೆ. ಅಕ್ಕ ಒಪ್ಪಿದಳು.

ಶನಿವಾರ ಮೆಕ್ಯಾನಿಕ್ ಬಾನೆಟ್ಟಿನ ಮೂಲೆಯನ್ನು ಅಮುಕಿ ಬಿಟ್ಟ. ಕಾರು ಸುಮ್ಮನಾಗದೆ ಕುಣಿಯುತ್ತಲೇ ಇತ್ತು. ಅವನು ನನ್ನ ಕ್ಲಾಸಿನಲ್ಲೇ ಕಲಿತವನು.

"ಎದುರಿನ ಎರಡು ಶಾಕೂ ಹೋಗಿದೆ ಟೀಚರೇ. ಆಯಿಲ್ ಪೂರಾ ಸೋರಿದೆ. ಇದನ್ನು ಹೇಗೆ ಓಡಿಸಿದ್ದು ನೀವು?"

"ಕೈಕಾಲಲ್ಲಿ ಓಡಿಸಿದ್ದು. ನಾಳೆ ಸಂಜೆಯೊಳಗೆ ಆಗ್ತದಾ ಇಲ್ವಾ, ಅದು ಹೇಳು."

"ಈ ಮಾಡೆಲಿಗೆ ಹೊಸತು ಸಿಗುವುದು ಕಷ್ಟ ಉಂಟು. ಗುಜರಿಯಲ್ಲಿ ನೋಡುವಾ?"

"ಗುಜರಿಯದ್ದು ನಿನ್ನ ಗಾಡಿಗೆ ಹಾಕು!"

ಪಾಪ, ಅವನು ನಾಲ್ಕಾರು ಕಡೆ ಫೋನ್ ಮಾಡಿ ಮಂಗಳೂರಿನಿಂದ ಹೊಸತನ್ನೇ ಬಸ್ಸಿನಲ್ಲಿ ತರಿಸಿದ. ಭಾನುವಾರ ಬಾಗಿಲು ತೆರೆದದ್ದೂ ನನ್ನ ಬಾಯಿಗೆ ಹೆದರಿಯೇ ಇರಬೇಕು. ಚಕ್ರ ಕಳಚಿ, ಸ್ಪ್ರಿಂಗಿಗೆ ಎರಡು ಕಡೆ ಕ್ಲಾಂಪ್ ಬಿಗಿಯುವಾಗ "ಆಚೆ ನಿಲ್ಲಿ ಟೀಚರೇ, ಹಾರಿದರೆ ತಲೆ ಉಳಿಯುವುದಿಲ್ಲ" ಎಂದು ಗದರಿದ. ಹಳೆಯ ಶಾಕಿನ ಸರಳನ್ನು ಕೈಯಲ್ಲಿ ಒತ್ತಿದರೆ ಒಳಗೆ ಹೋದದ್ದು ಅಲ್ಲೇ ಕೂತಿತು, ಮೇಲೆ ಬರಲೇ ಇಲ್ಲ. ಅಕ್ಕನ ನೋವಿನ ಮೂಲವೇ ಕೈಗೆ ಸಿಕ್ಕಿಬಿದ್ದಂತೆ ನನಗೆ ಖುಷಿಯಾಯಿತು. ಅದನ್ನು ಒಂದು ಸಲ ಒದ್ದೆ ಕೂಡ.

ಸೋಮವಾರ ಕಾರು ನಿಜಕ್ಕೂ ತೇಲಿಕೊಂಡು ಹೋಯಿತು. ಹಿಂದಿನಿಂದ ನರಳಾಟವೇ ಇಲ್ಲ. ನನ್ನ ಬಾಯಿ ಸುಮ್ಮನಿರುತ್ತದೆಯೇ? "ನೋಡಿದೆಯಾ, ಹಂಪ್ ದಾಟಿದ್ದೇ ಗೊತ್ತಾಗಲಿಲ್ಲ! ನಾನು ಹೇಳಿದ್ದಲ್ವಾ?" ಎಂದೆ. ಅಕ್ಕ "ಹೂಂ" ಎಂದಳು. ಹೆದ್ದಾರಿ ಕೆಲಸದವರು ಅಗೆದಿಟ್ಟ ಕಡೆಯಲ್ಲೂ ಕೇಳಿದೆ, ಆಗಲೂ "ಹೂಂ". ಎಷ್ಟೋ ದಿನಗಳ ನಂತರ ನನಗೆ ಹಸಿವಾಯಿತು. ಇವಳು ಇನ್ನೊಂದು ವರ್ಷ ಬದುಕಿಯಾಳು ಎಂದೂ ಅನ್ನಿಸಿತು.

ಆಸ್ಪತ್ರೆಯಲ್ಲಿ ಅವಳನ್ನು ಗಾಲಿಕುರ್ಚಿಗೆ ಇಳಿಸಿದ ನರ್ಸ್ "ತುಟಿಗೆ ಎಂತಾಯ್ತು ಇವರಿಗೆ?" ಎಂದು ಕೇಳಿದಳು. ಕೆಳತುಟಿ ಹಲ್ಲಿನಡಿ ಸಿಕ್ಕಿ ಹರಿದಿತ್ತು. ಗಲ್ಲದವರೆಗೂ ರಕ್ತ.

"ಗಾಡಿ ಚೆಂದ ಆಗಿದೆ. ನೀನು ಅಷ್ಟು ಖುಷಿಯಲ್ಲಿದ್ದೆ, ಹೇಗೆ ಹೇಳುವುದು?" ಎಂದಳು ಅಕ್ಕ.

"ಯಾರು ಹೇಳಿದ್ದು ನಿನಗೆ ಬಾಯಿ ಮುಚ್ಚಿಕೊಂಡು ಮಲಗ್ಲಿಕ್ಕೆ!" ಎಂದು ಅಷ್ಟು ಜನರ ಎದುರೇ ಬೈದೆ. ಬೈಯುತ್ತಲೇ ಅಳು ಬಂತು. ಅವಳನ್ನು ಒಳಗೆ ಕರೆದೊಯ್ದ ಮೇಲೆ ಕಾರಿಗೆ ಬಂದು ಗಾಜು ಏರಿಸಿ ಅತ್ತೆ.

ವಾಪಸು ಹೊರಡುವಾಗ "ನೋವಾದರೆ ಬೊಬ್ಬೆ ಹೊಡಿ, ನಾನು ಕೇಳ್ತೇನೆ" ಎಂದೆ. ಅವಳು ದಾರಿಯುದ್ದಕ್ಕೂ ನರಳಿದಳು, ನಯವಾದ ಟಾರಿನ ಮೇಲೆಯೂ. ಮನೆಯ ಅಂಗಳದಲ್ಲಿ ಕಾರು ನಿಲ್ಲಿಸಿದಾಗ ಅವಳು ನನ್ನ ಭುಜದ ಮೇಲೆ ಕೈಯಿಟ್ಟು "ನಾಳೆ..." ಎಂದಳು.

"ನಾಳೆ ಬೇಡ ಅಕ್ಕಾ" ಎಂದೆ.